ವಿಂಡೋಸ್ ರಿಜಿಸ್ಟ್ರಿ ಕೆಟ್ಟು ಕೂತಾಗ: ಬ್ಯಾಕಪ್ ಮತ್ತು ರಿಸ್ಟೋರ್ ಮಾಡುವ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ಪರಿಚಯದವರೊಬ್ಬರ ಲ್ಯಾಪ್‌ಟಾಪ್ ನನ್ನ ಕೈಗೆ ಬಂತು. ಆನ್ ಮಾಡಿದರೆ ನೀಲಿ ಪರದೆ, ರಿಜಿಸ್ಟ್ರಿ ಫೈಲ್ ಕೆಟ್ಟಿದೆ ಎಂಬ ಸಂದೇಶ. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ಜಾಗವೇ ರಿಜಿಸ್ಟ್ರಿ. ನನಗೆ ಗೊತ್ತಿದ್ದ ಕಾಯಿಲೆಯೇ. ವಿಂಡೋಸ್ ಅದರ ನಕಲು ಇಡುತ್ತಿದ್ದ ರೆಗ್‌ಬ್ಯಾಕ್ ಫೋಲ್ಡರಿನಿಂದ ಐದು ಫೈಲ್ ಎತ್ತಿ ಹಳೆಯದರ ಮೇಲೆ ಹಾಕಿದರೆ ಮುಗೀತು ಅಂದುಕೊಂಡೆ. ಹಾಕಿದೆ. ಕಾಪಿ ಆಯ್ತು ಅಂತಲೂ ತೋರಿಸಿತು. ಮತ್ತೆ ಆನ್ ಮಾಡಿದರೆ ಮೊದಲಿಗಿಂತ ಕೆಟ್ಟ ಸ್ಥಿತಿ. ಆಮೇಲೆ ಕಣ್ಣಿಟ್ಟು ನೋಡಿದರೆ, ನಾನು ಎತ್ತಿ ಹಾಕಿದ ಐದೂ ಫೈಲುಗಳ ಗಾತ್ರ ಸೊನ್ನೆ. ಕೆಟ್ಟಿದ್ದರೂ ಒಳಗೆ ಏನೋ ಇದ್ದ ಫೈಲುಗಳ ಮೇಲೆ, ಏನೂ ಇಲ್ಲದ ಫೈಲುಗಳನ್ನು ಹಾಕಿದ್ದೆ.

ಆವತ್ತಿನಿಂದ ಎರಡು ಅಭ್ಯಾಸ ಮಾಡಿಕೊಂಡಿದ್ದೇನೆ. ಬ್ಯಾಕಪ್ ಫೈಲಿನ ಗಾತ್ರ ನೋಡದೆ ಮುಟ್ಟುವುದಿಲ್ಲ. ಕೆಟ್ಟ ಫೈಲನ್ನು ಪಕ್ಕಕ್ಕೆ ಎತ್ತಿಡದೆ ಅದರ ಮೇಲೆ ಏನನ್ನೂ ಹಾಕುವುದಿಲ್ಲ. ಕೆಳಗೆ ಬರೆದಿರುವುದೆಲ್ಲ ಈ ಎರಡರ ಸುತ್ತಲೇ ಇದೆ. ವಿಂಡೋಸ್ 10 ಮತ್ತು 11 ಎರಡಕ್ಕೂ ಹೊಂದುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಬೇಕು. ಉಚ್ಚಾರದಿಂದ ಅಕ್ಷರ ಊಹಿಸಲು ಆಗದ ಕಡೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದ್ದೇನೆ.

ರಿಜಿಸ್ಟ್ರಿ ಅಂದರೆ ನಿಜಕ್ಕೂ ಏನು, ಎಲ್ಲಿದೆ

ಹಿಂದೆಲ್ಲ ವಿಂಡೋಸ್ ಮತ್ತು ಅದರ ಪ್ರೋಗ್ರಾಮುಗಳು ತಮ್ಮ ಸೆಟ್ಟಿಂಗುಗಳನ್ನು ಚಿಕ್ಕ ಚಿಕ್ಕ ಐಎನ್ಐ ಫೈಲುಗಳಲ್ಲಿ ಬರೆದಿಡುತ್ತಿದ್ದವು. 1992ರ ವಿಂಡೋಸ್ 3.1ರಲ್ಲಿ ರಿಜಿಸ್ಟ್ರಿ ಮೊದಲು ಬಂತು, ಆಗ ಅದರ ಕೆಲಸ ತುಂಬಾ ಕಡಿಮೆ. ವಿಂಡೋಸ್ 95 ಬಂದ ಮೇಲೆ ಎಲ್ಲವೂ ಅಲ್ಲಿಗೇ ಬಂದು ಸೇರಿತು. ಯಾವ ಡ್ರೈವರ್ (ಯಂತ್ರದ ಭಾಗಗಳನ್ನು ನಡೆಸುವ ಪ್ರೋಗ್ರಾಂ) ಯಾವಾಗ ಶುರುವಾಗಬೇಕು, ಯಾರ ಖಾತೆ ಯಾವ ಫೋಲ್ಡರಿನಲ್ಲಿದೆ, ಯಾವ ಫೈಲನ್ನು ಯಾವ ಪ್ರೋಗ್ರಾಂ ತೆರೆಯಬೇಕು, ಎಲ್ಲ.

ರಿಜಿಸ್ಟ್ರಿ ಎಡಿಟರ್ ತೆರೆದರೆ ಒಂದೇ ದೊಡ್ಡ ಮರದ ಹಾಗೆ ಕಾಣುತ್ತದೆ. ಅದರ ಕೊಂಬೆಗಳಿಗೆ ಕೀ ಎಂದೂ, ಅವುಗಳಲ್ಲಿ ಬರೆದಿರುವ ಒಂದೊಂದು ಸೆಟ್ಟಿಂಗಿಗೆ ವ್ಯಾಲ್ಯೂ ಎಂದೂ ಹೆಸರು. ಡಿಸ್ಕಿನಲ್ಲಿ ಮಾತ್ರ ಅದು ಹಲವು ಫೈಲುಗಳು. ಈ ಒಂದೊಂದು ಫೈಲಿಗೂ ಹೈವ್ ಎಂದು ಹೆಸರು. ಇಡೀ ಯಂತ್ರಕ್ಕೆ ಸೇರಿದ ಮುಖ್ಯ ಹೈವ್‌ಗಳು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿ, ಸಿಸ್ಟಮ್32 ಒಳಗಿನ ಕಾನ್ಫಿಗ್ ಫೋಲ್ಡರಿನಲ್ಲಿವೆ. ಅವು ಐದು: ಸಿಸ್ಟಮ್, ಸಾಫ್ಟ್‌ವೇರ್, ಸ್ಯಾಮ್, ಸೆಕ್ಯುರಿಟಿ, ಡಿಫಾಲ್ಟ್. ಫೈಲಿನ ಹೆಸರಿಗೆ ಬಾಲವೇ ಇಲ್ಲ, ಬರೀ ಹೆಸರು.

ಬಳಕೆದಾರರ ಹೈವ್ ಬೇರೆ. ಅದು ಅವರವರ ಯೂಸರ್ ಫೋಲ್ಡರಿನಲ್ಲಿ ಅಡಗಿಸಿಟ್ಟ ಎನ್‌ಟಿ-ಯೂಸರ್ ಡಾಟ್ ಡ್ಯಾಟ್ ಎಂಬ ಫೈಲು. ಈ ವ್ಯತ್ಯಾಸ ಗೊತ್ತಿದ್ದರೆ ಅರ್ಧ ರೋಗ ಪತ್ತೆಯಾದಂತೆ. ಸಿಸ್ಟಮ್ ಹೈವ್ ಕೆಟ್ಟರೆ ವಿಂಡೋಸ್ ಏಳುವುದೇ ಇಲ್ಲ. ಎನ್‌ಟಿ-ಯೂಸರ್ ಕೆಟ್ಟರೆ ವಿಂಡೋಸ್ ಚೆನ್ನಾಗಿಯೇ ಏಳುತ್ತದೆ, ನಿಮ್ಮೊಬ್ಬರ ಖಾತೆ ಮಾತ್ರ ತೆರೆಯುವುದಿಲ್ಲ.

ಪ್ರತಿ ಹೈವ್ ಪಕ್ಕದಲ್ಲೂ ಲಾಗ್1, ಲಾಗ್2 ಎಂಬ ಎರಡು ಅಡಗಿದ ಫೈಲುಗಳಿರುತ್ತವೆ. ಬದಲಾವಣೆಗಳು ಮೊದಲು ಅಲ್ಲಿಗೆ ಹೋಗಿ, ಆಮೇಲೆ ಹೈವ್‌ಗೆ ಸೇರುತ್ತವೆ. ಮಧ್ಯದಲ್ಲಿ ಕರೆಂಟ್ ಹೋದರೂ ಮುಂದಿನ ಸಲ ಲಾಗ್ ನೋಡಿ ವಿಂಡೋಸ್ ತಾನೇ ಸರಿ ಮಾಡಿಕೊಳ್ಳುತ್ತದೆ. ಈ ವ್ಯವಸ್ಥೆ ಇರುವುದರಿಂದ ಒಂದೇ ಒಂದು ಸಲ ಕರೆಂಟ್ ಹೋಗಿದ್ದಕ್ಕೆ ರಿಜಿಸ್ಟ್ರಿ ಸಾಯುವುದು ಅಪರೂಪ. ಪದೇ ಪದೇ ಕೆಡುತ್ತಿದ್ದರೆ ಡಿಸ್ಕ್ ಅಥವಾ ರ್‍ಯಾಮ್ ಮೇಲೆ ಅನುಮಾನ ಪಡಿ.

ರೆಗ್‌ಬ್ಯಾಕ್ ಎಂಬ ಖಾಲಿ ಪೆಟ್ಟಿಗೆ

ಕಾನ್ಫಿಗ್ ಫೋಲ್ಡರಿನೊಳಗೆ ರೆಗ್‌ಬ್ಯಾಕ್ ಎಂಬ ಇನ್ನೊಂದು ಫೋಲ್ಡರ್ ಇದೆ. ಹಿಂದೆ ವಿಂಡೋಸ್ ಆಗಾಗ ಐದೂ ಹೈವ್‌ಗಳ ನಕಲನ್ನು ಇಲ್ಲಿ ತಾನೇ ಇಡುತ್ತಿತ್ತು. 2018ರಲ್ಲಿ ಬಂದ ವಿಂಡೋಸ್ 10ರ 1803ನೇ ಆವೃತ್ತಿಯಿಂದ ಮೈಕ್ರೋಸಾಫ್ಟ್ ಇದನ್ನು ನಿಲ್ಲಿಸಿತು. ಡಿಸ್ಕಿನಲ್ಲಿ ಜಾಗ ಉಳಿಸುವುದಕ್ಕಂತೆ. ಫೋಲ್ಡರ್ ಹಾಗೇ ಉಳಿಯಿತು, ಫೈಲುಗಳ ಹೆಸರೂ ಕಾಣುತ್ತವೆ, ಗಾತ್ರ ಮಾತ್ರ ಸೊನ್ನೆ ಕೆಬಿ. ನಾನು ಬಿದ್ದ ಗುಂಡಿ ಇದೇ. ಹಳೆಯ ಎಷ್ಟೋ ಲೇಖನ, ವಿಡಿಯೋಗಳಲ್ಲಿ ಇವತ್ತಿಗೂ ಅದೇ ಹಳೆಯ ಸಲಹೆ ಓಡಾಡುತ್ತಿದೆ.

ನಿಮ್ಮ ಯಂತ್ರ ಈಗ ಚೆನ್ನಾಗಿದ್ದರೆ ಇದನ್ನು ಮತ್ತೆ ಚಾಲೂ ಮಾಡಬಹುದು. ಎರಡು ನಿಮಿಷದ ಕೆಲಸ.

1. ವಿಂಡೋಸ್ ಕೀ ಜೊತೆ ಆರ್ ಒತ್ತಿ, ರೆಗ್‌ಎಡಿಟ್ ಎಂದು ಟೈಪ್ ಮಾಡಿ ಎಂಟರ್ ಕೊಡಿ. ಅನುಮತಿ ಕೇಳಿದರೆ ಯೆಸ್ ಅನ್ನಿ.

2. ಎಡಗಡೆ ಎಚ್‌ಕೀ ಲೋಕಲ್ ಮಷೀನ್ ತೆರೆಯಿರಿ. ಅಲ್ಲಿಂದ ಸಿಸ್ಟಮ್, ಕರೆಂಟ್‌ಕಂಟ್ರೋಲ್‌ಸೆಟ್, ಕಂಟ್ರೋಲ್, ಸೆಷನ್ ಮ್ಯಾನೇಜರ್, ಕಾನ್ಫಿಗರೇಷನ್ ಮ್ಯಾನೇಜರ್ ಹೀಗೆ ಇಳಿಯುತ್ತಾ ಹೋಗಿ.

3. ಬಲಗಡೆ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಹೊಸ ಡಿವರ್ಡ್ 32 ಬಿಟ್ ವ್ಯಾಲ್ಯೂ ಮಾಡಿ. ಹೆಸರು ಎನೇಬಲ್‌ಪೀರಿಯಾಡಿಕ್‌ಬ್ಯಾಕಪ್, ನಡುವೆ ಜಾಗ ಬಿಡದೆ. ಮೌಲ್ಯ 1.

4. ಯಂತ್ರ ರೀಸ್ಟಾರ್ಟ್ ಮಾಡಿ. ಆಮೇಲಿನ ನಕಲುಗಳನ್ನು ರೆಗ್‌ಐಡಲ್‌ಬ್ಯಾಕಪ್ ಎಂಬ ನಿಗದಿತ ಕೆಲಸ ನೋಡಿಕೊಳ್ಳುತ್ತದೆ.

ಒಂದೆರಡು ದಿನ ಬಿಟ್ಟು ರೆಗ್‌ಬ್ಯಾಕ್ ಫೋಲ್ಡರಿಗೆ ಹೋಗಿ ಗಾತ್ರ ನೋಡಿ. ಸಿಸ್ಟಮ್ ಮತ್ತು ಸಾಫ್ಟ್‌ವೇರ್ ಸಾಮಾನ್ಯವಾಗಿ ಹತ್ತಾರು ಎಂಬಿ ಇರುತ್ತವೆ. ಸ್ಯಾಮ್, ಸೆಕ್ಯುರಿಟಿ ಚಿಕ್ಕವು, ಕೆಲವು ಹತ್ತು ಕೆಬಿ ಅಷ್ಟೇ. ಸೊನ್ನೆ ಇದ್ದರೆ ಕೆಲಸ ಆಗಿಲ್ಲ ಅಂತಲೇ ಲೆಕ್ಕ.

ಆದರೆ ಈ ನಕಲು ಇರುವುದು ಅದೇ ಡಿಸ್ಕಿನಲ್ಲಿ. ಡಿಸ್ಕೇ ಹೋದರೆ ಎರಡೂ ಹೋಗುತ್ತವೆ. ಹಾಗಾಗಿ ಇಷ್ಟಕ್ಕೇ ನೆಮ್ಮದಿಯಾಗಿ ಕೂರಬೇಡಿ.

ಸಿಸ್ಟಮ್ ರಿಸ್ಟೋರ್ ಆನ್ ಇದೆಯಾ?

ಹೆಚ್ಚಿನವರಿಗೆ ಇದೊಂದೇ ಸಾಕು ಎಂಬುದು ನನ್ನ ಅಭಿಪ್ರಾಯ. ರಿಸ್ಟೋರ್ ಪಾಯಿಂಟ್ ಅಂದರೆ ರಿಜಿಸ್ಟ್ರಿಯ ಜೊತೆಗೆ ಆ ಹೊತ್ತಿನ ಸಿಸ್ಟಮ್ ಫೈಲುಗಳ ಚಿತ್ರವೂ ಹೌದು. ಇದು ಏಕೆ ಮುಖ್ಯ ಅಂದರೆ, ಫೈಲುಗಳು ಇವತ್ತಿನವು ಮತ್ತು ರಿಜಿಸ್ಟ್ರಿ ಮೂರು ತಿಂಗಳ ಹಿಂದಿನದು ಆದರೆ ಎರಡಕ್ಕೂ ತಾಳ ಕೂಡುವುದಿಲ್ಲ. ನಡುವೆ ಒಂದು ದೊಡ್ಡ ಅಪ್‌ಡೇಟ್ ಬಂದಿದ್ದರಂತೂ ಕೇಳುವುದೇ ಬೇಡ. ರಿಸ್ಟೋರ್ ಪಾಯಿಂಟ್ ಎರಡನ್ನೂ ಒಂದೇ ದಿನಕ್ಕೆ ಒಯ್ಯುತ್ತದೆ.

ತೊಂದರೆ ಏನೆಂದರೆ ಎಷ್ಟೋ ಯಂತ್ರಗಳಲ್ಲಿ ಇದು ಆಫ್ ಆಗಿಯೇ ಇರುತ್ತದೆ. ವಿಂಡೋಸ್ ಕೀ ಮತ್ತು ಆರ್ ಒತ್ತಿ, ಸಿಸ್‌ಡಿಎಂ ಡಾಟ್ ಸಿಪಿಎಲ್ (ಎಸ್, ವೈ, ಎಸ್, ಡಿ, ಎಂ, ಒಂದು ಚುಕ್ಕಿ, ಸಿ, ಪಿ, ಎಲ್) ಎಂದು ಟೈಪ್ ಮಾಡಿ. ಸಿಸ್ಟಮ್ ಪ್ರೊಟೆಕ್ಷನ್ ಟ್ಯಾಬಿಗೆ ಹೋಗಿ. ಸಿ ಡ್ರೈವ್ ಎದುರು ಆಫ್ ಎಂದಿದ್ದರೆ ಕಾನ್ಫಿಗರ್ ಒತ್ತಿ ಆನ್ ಮಾಡಿ, ಒಂದಿಷ್ಟು ಜಾಗ ಕೊಡಿ. ಆಮೇಲೆ ಅಲ್ಲೇ ಇರುವ ಕ್ರಿಯೇಟ್ ಬಟನ್ ಒತ್ತಿ ಮೊದಲ ಪಾಯಿಂಟ್ ಮಾಡಿಬಿಡಿ. ಹೆಸರು ಕೊಡುವಾಗ ಸುಮ್ನೆ ‘ಬ್ಯಾಕಪ್’ ಎಂದು ಬರೆಯಬೇಡಿ. ‘ಗ್ರಾಫಿಕ್ಸ್ ಡ್ರೈವರ್ ಹಾಕುವ ಮೊದಲು’ ಎಂದು ಬರೆದರೆ ಆರು ತಿಂಗಳ ಮೇಲೂ ಅರ್ಥವಾಗುತ್ತದೆ.

ನಿಮ್ಮ ಫೋಟೋ, ಡಾಕ್ಯುಮೆಂಟುಗಳನ್ನು ಇದು ಮುಟ್ಟುವುದಿಲ್ಲ. ಹಾಗೆಯೇ ಅವನ್ನು ಕಾಪಾಡುವುದೂ ಇಲ್ಲ. ಆ ಬ್ಯಾಕಪ್ ಬೇರೆಯೇ ಮಾಡಿಕೊಳ್ಳಬೇಕು.

ಒಂದು ಕೀ ಮಾತ್ರ ಬದಲಾಯಿಸುವಾಗ

ಎಲ್ಲೋ ಓದಿ ರಿಜಿಸ್ಟ್ರಿಯಲ್ಲಿ ಒಂದು ವ್ಯಾಲ್ಯೂ ಬದಲಿಸಲು ಹೊರಟಿದ್ದೀರಾ? ಆ ಕೀ ಮೇಲೆ ರೈಟ್ ಕ್ಲಿಕ್, ಎಕ್ಸ್‌ಪೋರ್ಟ್. ಡಾಟ್ ರೆಗ್ ಫೈಲ್ ಸಿಗುತ್ತದೆ. ಅದು ಬರೀ ಟೆಕ್ಸ್ಟ್, ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು. ಮತ್ತೆ ಬೇಕಾದಾಗ ಡಬಲ್ ಕ್ಲಿಕ್ ಮಾಡಿದರೆ ಒಳಗೆ ಸೇರುತ್ತದೆ.

ಸೇರುತ್ತದೆ ಎಂಬ ಪದವನ್ನು ಬೇಕೆಂದೇ ಬಳಸಿದೆ. ಡಾಟ್ ರೆಗ್ ಫೈಲ್ ಇದ್ದದ್ದರ ಜೊತೆ ಬೆರೆಯುತ್ತದೆಯೇ ಹೊರತು ಇದ್ದದ್ದನ್ನು ಅಳಿಸುವುದಿಲ್ಲ. ನೀವು ಎಕ್ಸ್‌ಪೋರ್ಟ್ ಮಾಡಿದ ಮೇಲೆ ಹೊಸದಾಗಿ ಮೂರು ವ್ಯಾಲ್ಯೂ ಬಂದಿದ್ದರೆ, ಇಂಪೋರ್ಟ್ ಮಾಡಿದ ಮೇಲೂ ಆ ಮೂರು ಅಲ್ಲೇ ಇರುತ್ತವೆ. ತಂಟೆ ಕೊಡುತ್ತಿರುವುದು ಅವೇ ಆಗಿದ್ದರೆ ಏನೂ ಪ್ರಯೋಜನವಾಗಲಿಲ್ಲ. ಕೀಯನ್ನು ಹಿಂದಿನಂತೆಯೇ ಮಾಡಬೇಕೆಂದರೆ ಮೊದಲು ಅದನ್ನು ಡಿಲೀಟ್ ಮಾಡಿ, ಆಮೇಲೆ ಇಂಪೋರ್ಟ್ ಮಾಡಬೇಕು. ಡಿಲೀಟ್ ಮಾಡುವ ಮೊದಲು ಅದರ ಈಗಿನ ಸ್ಥಿತಿಯನ್ನೂ ಇನ್ನೊಂದು ಹೆಸರಿನಲ್ಲಿ ಎಕ್ಸ್‌ಪೋರ್ಟ್ ಮಾಡಿಡಿ.

ಇದೇ ಕಾರಣಕ್ಕೆ ಇಡೀ ರಿಜಿಸ್ಟ್ರಿಯನ್ನು ಒಂದೇ ಡಾಟ್ ರೆಗ್ ಫೈಲಾಗಿ ತೆಗೆದಿಡುವುದು ಹೆಚ್ಚು ಉಪಯೋಗದ್ದಲ್ಲ. ಫೈಲ್ ನೂರಾರು ಎಂಬಿ ಆಗುತ್ತದೆ, ನೋಡಿದರೆ ಸಮಾಧಾನವೂ ಆಗುತ್ತದೆ. ವಾಪಸ್ ಹಾಕಲು ಹೋದಾಗ ಗೊತ್ತಾಗುತ್ತದೆ: ಓಡುತ್ತಿರುವ ವಿಂಡೋಸ್ ಹಿಡಿದುಕೊಂಡ ಕೀಗಳಿಗೆ ಅದು ಬರೆಯಲಾರದು, ಅರ್ಧಕ್ಕೇ ದೂರು ಹೇಳುತ್ತದೆ. ವಿಂಡೋಸ್ ಏಳದೇ ಇದ್ದಾಗಲಂತೂ ಡಬಲ್ ಕ್ಲಿಕ್ ಮಾಡುವುದೆಲ್ಲಿಗೆ?

ನಿಜವಾದ ಬ್ಯಾಕಪ್: ಹೈವ್ ಅನ್ನೇ ಎತ್ತಿಡುವುದು

ಕೆಟ್ಟ ದಿನ ಕೈ ಹಿಡಿಯುವುದು ಇದು. ರೆಗ್ ಸೇವ್ ಕಮಾಂಡ್ ಒಂದು ಹೈವ್ ಅನ್ನು ಅದರ ಮೂಲ ರೂಪದಲ್ಲೇ ಫೈಲಾಗಿ ಬರೆದುಕೊಡುತ್ತದೆ. ಆ ಫೈಲನ್ನು ಮುಂದೆ ಕಾನ್ಫಿಗ್ ಫೋಲ್ಡರಿನಲ್ಲಿ ನೇರ ಇಡಬಹುದು.

ಒಂದು ಹೊರಗಿನ ಡಿಸ್ಕ್ ಅಥವಾ ಪೆನ್‌ಡ್ರೈವ್ ಚುಚ್ಚಿ. ಅದರ ಅಕ್ಷರ ಇ ಎಂದಿಟ್ಟುಕೊಳ್ಳೋಣ. ಅದರಲ್ಲಿ ‘ಹೈವ್’ ಎಂಬ ಫೋಲ್ಡರ್ ಮಾಡಿ. ಸ್ಟಾರ್ಟ್ ಮೆನುವಿನಲ್ಲಿ ಸಿಎಂಡಿ ಹುಡುಕಿ, ರೈಟ್ ಕ್ಲಿಕ್ ಮಾಡಿ ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಕೊಡಿ. ಆಮೇಲೆ ಒಂದೊಂದೇ ಸಾಲು:

ರೆಗ್ ಸೇವ್ ಎಚ್‌ಕೆಎಲ್‌ಎಂ\ಸಿಸ್ಟಮ್ ಇ:\ಹೈವ್\ಸಿಸ್ಟಮ್ /ವೈ

ರೆಗ್ ಸೇವ್ ಎಚ್‌ಕೆಎಲ್‌ಎಂ\ಸಾಫ್ಟ್‌ವೇರ್ ಇ:\ಹೈವ್\ಸಾಫ್ಟ್‌ವೇರ್ /ವೈ

ರೆಗ್ ಸೇವ್ ಎಚ್‌ಕೆಎಲ್‌ಎಂ\ಸ್ಯಾಮ್ ಇ:\ಹೈವ್\ಸ್ಯಾಮ್ /ವೈ

ರೆಗ್ ಸೇವ್ ಎಚ್‌ಕೆಎಲ್‌ಎಂ\ಸೆಕ್ಯುರಿಟಿ ಇ:\ಹೈವ್\ಸೆಕ್ಯುರಿಟಿ /ವೈ

ರೆಗ್ ಸೇವ್ ಎಚ್‌ಕೆಯು\.ಡಿಫಾಲ್ಟ್ ಇ:\ಹೈವ್\ಡಿಫಾಲ್ಟ್ /ವೈ

ಎಚ್‌ಕೆಎಲ್‌ಎಂ ಅಂದರೆ ಎಚ್‌ಕೀ ಲೋಕಲ್ ಮಷೀನ್‌ನ ಚಿಕ್ಕ ಹೆಸರು, ಎಚ್‌ಕೆಯು ಅಂದರೆ ಎಚ್‌ಕೀ ಯೂಸರ್ಸ್. ಕೊನೆಯ ಸಾಲಿನಲ್ಲಿ ಡಿಫಾಲ್ಟ್ ಹಿಂದೆ ಒಂದು ಚುಕ್ಕಿ ಇದೆ, ಬಿಡಬೇಡಿ. ಸಾಲಿನ ತುದಿಯ ವೈ ಎಂಬುದು ‘ಹಳೆಯ ಫೈಲ್ ಇದ್ದರೆ ಕೇಳದೆ ಅದರ ಮೇಲೆ ಬರೆ’ ಎಂಬ ಅಪ್ಪಣೆ. ನಿಮ್ಮ ಸ್ವಂತ ಖಾತೆಯ ಹೈವ್ ಬೇಕಿದ್ದರೆ ಎಚ್‌ಕೆಸಿಯು ಎಂದು ಹಾಕಿ ಇನ್ನೊಂದು ಸಾಲು ಸೇರಿಸಿ. ಆದರೆ ನೀವು ಬೇರೆ ಅಡ್ಮಿನ್ ಖಾತೆಯ ಪಾಸ್‌ವರ್ಡ್ ಕೊಟ್ಟು ಈ ಕಿಟಕಿ ತೆರೆದಿದ್ದರೆ, ಸೇವ್ ಆಗುವುದು ಆ ಅಡ್ಮಿನ್ ಹೈವ್, ನಿಮ್ಮದಲ್ಲ.

ಸ್ಯಾಮ್ ಸಾಲಿಗೆ ಬಂದಾಗ ಆ್ಯಂಟಿವೈರಸ್ ಕೂಗಿಕೊಳ್ಳಬಹುದು. ಅದರ ತಪ್ಪಲ್ಲ. ಸ್ಯಾಮ್‌ನಲ್ಲಿ ಖಾತೆಗಳ ಪಾಸ್‌ವರ್ಡ್ ಹ್ಯಾಶ್‌ಗಳಿವೆ (ಅಂದರೆ ಪಾಸ್‌ವರ್ಡಿನ ಗುಪ್ತ ರೂಪ), ಕಳ್ಳರೂ ಇದೇ ಕಮಾಂಡ್ ಬಳಸುತ್ತಾರೆ. ಹಾಗಾಗಿ ಈ ಬ್ಯಾಕಪ್ ಇರುವ ಪೆನ್‌ಡ್ರೈವನ್ನು ಎಲ್ಲೆಂದರಲ್ಲಿ ಬಿಸಾಡಬೇಡಿ, ಯಾರಿಗೂ ಕೊಡಬೇಡಿ.

ಈ ಸಾಲುಗಳನ್ನು ಒಂದು ಬ್ಯಾಟ್ ಫೈಲಿನಲ್ಲಿ ಬರೆದು ಟಾಸ್ಕ್ ಶೆಡ್ಯೂಲರಿಗೆ ಒಪ್ಪಿಸಿದರೆ ವಾರಕ್ಕೊಮ್ಮೆ ತಾನಾಗಿಯೇ ನಡೆಯುತ್ತದೆ. ‘ರನ್ ವಿತ್ ಹೈಯೆಸ್ಟ್ ಪ್ರಿವಿಲೇಜಸ್’ ಟಿಕ್ ಮಾಡುವುದನ್ನು ಮರೆಯಬೇಡಿ. ನಾನು ಒಂದೇ ಫೋಲ್ಡರಿನ ಮೇಲೆ ಮತ್ತೆ ಮತ್ತೆ ಬರೆಯುವುದಿಲ್ಲ. ದಿನಾಂಕ ಹಾಕಿದ ಮೂರು ಫೋಲ್ಡರ್ ಇಟ್ಟುಕೊಂಡಿರುತ್ತೇನೆ. ಕೆಟ್ಟ ಮೇಲೆ ಕೆಟ್ಟದ್ದರದ್ದೇ ಬ್ಯಾಕಪ್ ಆಗಿಬಿಟ್ಟರೆ ಹಿಂದಿನದು ಕೈಯಲ್ಲಿರಲಿ ಅಂತ.

ಇದಲ್ಲದೆ ಇನ್ನೆರಡು ವಸ್ತು ಮೊದಲೇ ಸಿದ್ಧ ಇರಲಿ. ಒಂದು, ವಿಂಡೋಸ್ ಇನ್‌ಸ್ಟಾಲೇಷನ್ ಪೆನ್‌ಡ್ರೈವ್. ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ ಮಾಡಬಹುದು, ಕನಿಷ್ಠ 8 ಜಿಬಿ ಬೇಕು, ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಎರಡು, ಡಿಸ್ಕಿಗೆ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಎನ್‌ಕ್ರಿಪ್ಷನ್) ಇದ್ದರೆ ಅದರ 48 ಅಂಕಿಯ ರಿಕವರಿ ಕೀ. ಕಾಗದದ ಮೇಲೆ ಬರೆದಿಡಿ. ಎಷ್ಟೋ ಹೊಸ ಲ್ಯಾಪ್‌ಟಾಪುಗಳಲ್ಲಿ ಎನ್‌ಕ್ರಿಪ್ಷನ್ ತಾನಾಗಿಯೇ ಆನ್ ಆಗಿರುತ್ತದೆ, ಮಾಲೀಕರಿಗೇ ಗೊತ್ತಿರುವುದಿಲ್ಲ. ಕೀ ಇಲ್ಲದಿದ್ದರೆ ಕೆಳಗೆ ಬರುವ ಕಮಾಂಡ್ ಪ್ರಾಂಪ್ಟಿನ ರಿಪೇರಿಗಳು ಸಾಧ್ಯವಾಗದು.

ಕೆಟ್ಟಿರುವುದು ರಿಜಿಸ್ಟ್ರಿಯೇ ಅಂತ ಹೇಗೆ ಗೊತ್ತಾಗುತ್ತದೆ?

ನೀಲಿ ಪರದೆ ಬಂದ ಮಾತ್ರಕ್ಕೆ ರಿಜಿಸ್ಟ್ರಿ ಮೇಲೆ ಗೂಬೆ ಕೂರಿಸಬೇಡಿ. ‘ರಿಜಿಸ್ಟ್ರಿ ಎರರ್’ ಅಥವಾ ‘ಬ್ಯಾಡ್ ಸಿಸ್ಟಮ್ ಕಾನ್ಫಿಗ್ ಇನ್ಫೋ’ ಎಂಬ ಸ್ಟಾಪ್ ಕೋಡ್ ಬಂದರೆ ಅನುಮಾನಕ್ಕೆ ಬಲವಾದ ಕಾರಣವಿದೆ. ಎರರ್ ಸಂಖ್ಯೆಯ ಕೊನೆಯಲ್ಲಿ ಸಿ0000218 ಎಂದಿದ್ದರೆ ಹೈವ್ ಫೈಲನ್ನು ಲೋಡ್ ಮಾಡಲು ಆಗಲಿಲ್ಲ ಎಂದೇ ಅರ್ಥ. ಸಿ000014ಸಿ ಎಂದಿದ್ದರೆ ರಿಜಿಸ್ಟ್ರಿ ಕೆಟ್ಟಿದೆ ಎಂದು ವಿಂಡೋಸೇ ಒಪ್ಪಿಕೊಂಡ ಹಾಗೆ. ಕೆಲವು ಸಲ ಪರದೆಯ ಮೇಲೆ ಫೈಲಿನ ಹೆಸರೂ ಬರುತ್ತದೆ. ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಳ್ಳಿ. ಯಾವ ಹೈವ್ ಕೆಟ್ಟಿದೆ ಅನ್ನುವುದು ಮುಂದೆ ಬೇಕಾಗುತ್ತದೆ.

ವಿಂಡೋಸ್ ಏಳುತ್ತಿದ್ದರೆ ಈವೆಂಟ್ ವ್ಯೂವರ್ ನೋಡಿ, ಅದು ವಿಂಡೋಸಿನ ದಿನಚರಿ ಇದ್ದ ಹಾಗೆ. ಸಿಸ್ಟಮ್ ಲಾಗಿನಲ್ಲಿ ಕರ್ನಲ್-ಜನರಲ್ ಹೆಸರಿನಲ್ಲಿ ಈವೆಂಟ್ 5 ಇದ್ದರೆ, ಒಂದು ಹೈವ್ ಕೆಟ್ಟಿತ್ತು, ಸರಿ ಮಾಡಿಕೊಂಡೆ, ಒಂದಿಷ್ಟು ಮಾಹಿತಿ ಹೋಗಿರಬಹುದು ಎಂದು ವಿಂಡೋಸ್ ಹೇಳುತ್ತಿದೆ. ಅದರ ಆಸುಪಾಸಿನಲ್ಲಿ ಡಿಸ್ಕ್ ಹೆಸರಿನ ಈವೆಂಟ್ 7 ಕೂಡ ಇದ್ದರೆ ಡಿಸ್ಕಿನಲ್ಲಿ ಕೆಟ್ಟ ಬ್ಲಾಕ್ ಇದೆ. ಆಗ ರಿಜಿಸ್ಟ್ರಿ ಬಿಡಿ, ಮೊದಲು ನಿಮ್ಮ ಫೈಲುಗಳನ್ನು ಹೊರಗೆ ತೆಗೆಯಿರಿ.

ಲಾಗಿನ್ ಆದಾಗ ಖಾಲಿ ಡೆಸ್ಕ್‌ಟಾಪ್ ಬಂದು, ತಾತ್ಕಾಲಿಕ ಪ್ರೊಫೈಲ್ ಎಂಬ ಸಂದೇಶ ಬಂದರೆ ಅದು ನಿಮ್ಮ ಖಾತೆಯ ಸಮಸ್ಯೆ. ಅದಕ್ಕೆ ಮದ್ದು ಬೇರೆ, ಕೊನೆಯ ಹೊತ್ತಿಗೆ ಬರುತ್ತೇನೆ.

ವಿಂಡೋಸ್ ಏಳುತ್ತಿಲ್ಲ: ಈಗ ಏನು?

ರಿಕವರಿ ಪರಿಸರಕ್ಕೆ, ಅಂದರೆ ರಿಪೇರಿಗೆಂದೇ ಇರುವ ಚಿಕ್ಕ ವಿಂಡೋಸಿಗೆ ಹೋಗಬೇಕು. ಲಾಗಿನ್ ಪರದೆ ಬರುತ್ತಿದ್ದರೆ ಶಿಫ್ಟ್ ಹಿಡಿದು ರೀಸ್ಟಾರ್ಟ್ ಕೊಡಿ. ಅದೂ ಬರದಿದ್ದರೆ, ಎರಡು ಮೂರು ಸಲ ಬೂಟ್ ವಿಫಲವಾದ ಮೇಲೆ ವಿಂಡೋಸ್ ತಾನೇ ಅಲ್ಲಿಗೆ ಕರೆದೊಯ್ಯುತ್ತದೆ. ಪವರ್ ಬಟನ್ ಒತ್ತಿ ಹಿಡಿದು ಬೇಕೆಂದೇ ಬೂಟ್ ಕೆಡಿಸುವ ಉಪಾಯ ಬಹಳ ಕಡೆ ಹೇಳುತ್ತಾರೆ. ಈಗಾಗಲೇ ಕೆಟ್ಟ ಯಂತ್ರಕ್ಕೆ ಅದು ಗಾಯದ ಮೇಲೆ ಬರೆ. ಇನ್‌ಸ್ಟಾಲೇಷನ್ ಪೆನ್‌ಡ್ರೈವ್ ಇದ್ದರೆ ಅದರಿಂದಲೇ ಬೂಟ್ ಮಾಡಿ, ಇನ್‌ಸ್ಟಾಲ್ ಬದಲು ರಿಪೇರ್ ಆಯ್ಕೆ ಆರಿಸಿ.

ಟ್ರಬಲ್‌ಶೂಟ್, ಆಮೇಲೆ ಅಡ್ವಾನ್ಸ್ಡ್ ಆಪ್ಷನ್ಸ್. ಮೊದಲು ಸಿಸ್ಟಮ್ ರಿಸ್ಟೋರ್ ಒತ್ತಿ ನೋಡಿ. ಪಾಯಿಂಟ್ ಇದ್ದರೆ, ಕೆಡುವುದಕ್ಕೆ ಮುಂಚಿನ ತೀರಾ ಹತ್ತಿರದ್ದನ್ನು ಆರಿಸಿ. ಇಲ್ಲಿಂದ ಮಾಡಿದ ರಿಸ್ಟೋರನ್ನು ಆಮೇಲೆ ಅನ್‌ಡೂ ಮಾಡಲು ಆಗುವುದಿಲ್ಲ, ಆದರೆ ಯಂತ್ರ ಹೇಗೂ ಏಳುತ್ತಿಲ್ಲ ಅಲ್ವಾ. ಅರ್ಧ ಗಂಟೆ ಹಿಡಿದರೂ ನಡುವೆ ನಿಲ್ಲಿಸಬೇಡಿ. ಇದರಲ್ಲೇ ಕೆಲಸ ಮುಗಿದರೆ ನೀವು ಅದೃಷ್ಟವಂತರು.

ಪಾಯಿಂಟೇ ಇಲ್ಲ ಎಂದು ಹೇಳಿದರೆ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಇನ್ನು ಅವಸರ ಬೇಡ.

1. ವಿಂಡೋಸ್ ಯಾವ ಅಕ್ಷರದಲ್ಲಿದೆ ಪತ್ತೆ ಮಾಡಿ. ಇಲ್ಲಿ ನೀವು ಎಕ್ಸ್ ಡ್ರೈವಿನಲ್ಲಿ ಇರುತ್ತೀರಿ, ಅದು ರಿಕವರಿಯ ಸ್ವಂತ ಮನೆ. ನಿಮ್ಮ ಸಿ ಡ್ರೈವ್ ಇಲ್ಲಿ ಡಿ ಆಗಿ ಕಾಣಬಹುದು. ಹಾಗಿದ್ದರೆ ಕೆಳಗಿನ ಕಮಾಂಡುಗಳಲ್ಲಿ ಸಿ ಬದಲು ಆ ಅಕ್ಷರ ಹಾಕಿ. ಸುಲಭದ ದಾರಿ: ನೋಟ್‌ಪ್ಯಾಡ್ ಎಂದು ಟೈಪ್ ಮಾಡಿ, ಫೈಲ್ ಮೆನುವಿನಲ್ಲಿ ಓಪನ್ ಒತ್ತಿ, ಆಲ್ ಫೈಲ್ಸ್ ಆರಿಸಿ. ಎಲ್ಲ ಡ್ರೈವುಗಳೂ ಕಾಣುತ್ತವೆ. ಈ ಕಿಟಕಿಯಲ್ಲೇ ರೈಟ್ ಕ್ಲಿಕ್ ಮಾಡಿ ಫೋಲ್ಡರುಗಳನ್ನು ಹೊರಗಿನ ಡಿಸ್ಕಿಗೆ ಕಾಪಿ ಪೇಸ್ಟ್ ಮಾಡಬಹುದು. ಬೆಲೆಬಾಳುವ ಫೈಲುಗಳಿದ್ದರೆ ಈಗಲೇ ತೆಗೆದುಬಿಡಿ. ಬಿಟ್‌ಲಾಕರ್ ಇದ್ದರೆ ಡ್ರೈವ್ ತೆರೆಯಲು ಮೊದಲು 48 ಅಂಕಿಯ ಕೀ ಬೇಕು.

2. ಡಿಸ್ಕಿನ ಫೈಲ್ ವ್ಯವಸ್ಥೆ ಸರಿ ಇದೆಯೇ ನೋಡಿ. ಸಿ, ಎಚ್, ಕೆ, ಡಿ, ಎಸ್, ಕೆ ಎಂಬ ಆರು ಅಕ್ಷರ, ಜಾಗ ಬಿಟ್ಟು ಸಿ ಮತ್ತು ಕೋಲನ್, ಮತ್ತೆ ಜಾಗ ಬಿಟ್ಟು /ಎಫ್. ಎಷ್ಟೋ ಸಲ ಹೈವ್ ಕೆಟ್ಟಿರುವುದಿಲ್ಲ, ಅದನ್ನು ಹಿಡಿದಿರುವ ಫೈಲ್ ವ್ಯವಸ್ಥೆಯೇ ಕೆಟ್ಟಿರುತ್ತದೆ. ಇದು ಮುಗಿದ ಮೇಲೆ ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ. ಡಿಸ್ಕಿನ ಆರೋಗ್ಯದ ಮೇಲೇ ಅನುಮಾನವಿದ್ದರೆ ಫೈಲುಗಳನ್ನು ಹೊರತೆಗೆಯುವ ತನಕ ಈ ಕಮಾಂಡ್ ಕೊಡಬೇಡಿ.

3. ಕೆಟ್ಟ ಹೈವ್‌ಗಳನ್ನು ಪಕ್ಕಕ್ಕಿಡಿ. ಸಿ: ಎಂದು ಎಂಟರ್ ಕೊಡಿ. ಆಮೇಲೆ ಸಿಡಿ \ವಿಂಡೋಸ್\ಸಿಸ್ಟಮ್32\ಕಾನ್ಫಿಗ್. ಎಂಡಿ ಹಳೆ ಎಂದು ಹೊಸ ಫೋಲ್ಡರ್ ಮಾಡಿ. ಕಾಪಿ ಸಿಸ್ಟಮ್ ಹಳೆ ಎಂದು ಕೊಟ್ಟು, ಹಾಗೆಯೇ ಉಳಿದ ನಾಲ್ಕನ್ನೂ ಅದರೊಳಗೆ ಹಾಕಿ. ನಾನು ಅವತ್ತು ಮಾಡದೆ ಬಿಟ್ಟ ಹೆಜ್ಜೆ ಇದು.

4. ಕೆಟ್ಟ ಹೈವ್ ನಿಜಕ್ಕೂ ಎಷ್ಟು ಕೆಟ್ಟಿದೆ ಪರೀಕ್ಷಿಸಿ. ರೆಗ್ ಲೋಡ್ ಎಚ್‌ಕೆಎಲ್‌ಎಂ\ಪರೀಕ್ಷೆ ಸಿ:\ವಿಂಡೋಸ್\ಸಿಸ್ಟಮ್32\ಕಾನ್ಫಿಗ್\ಸಿಸ್ಟಮ್ ಎಂಬ ಕಮಾಂಡ್ ಕೊಡಿ. ಪರೀಕ್ಷೆ ಎಂಬ ಹೆಸರಿನ ಬದಲು ಇಂಗ್ಲಿಷಿನ ಯಾವ ಪದವಾದರೂ ಆದೀತು. ಯಶಸ್ವಿಯಾಯ್ತು ಎಂದರೆ ಒಳ್ಳೆಯ ಸುದ್ದಿ. ಲೋಡ್ ಮಾಡುವಾಗ ಲಾಗ್ ಫೈಲುಗಳ ನೆರವಿನಿಂದ ಹೈವ್ ಸರಿಹೋಗುವ ಸಾಧ್ಯತೆ ಇದೆ. ರೆಗ್ ಅನ್‌ಲೋಡ್ ಎಚ್‌ಕೆಎಲ್‌ಎಂ\ಪರೀಕ್ಷೆ ಕೊಟ್ಟು ಇಳಿಸಿ, ರೀಸ್ಟಾರ್ಟ್ ಮಾಡಿ. ಇಷ್ಟರಲ್ಲೇ ಯಂತ್ರ ಎದ್ದಿದ್ದನ್ನು ನೋಡಿದ್ದೇನೆ. ಲೋಡ್ ಆಗದೆ ಎರರ್ ಬಂದರೆ ಮುಂದಿನ ಹೆಜ್ಜೆ.

5. ಬ್ಯಾಕಪ್ ಗಾತ್ರ ನೋಡಿ. ಡಿರ್ ಇ:\ಹೈವ್ ಎಂದು ಕೊಡಿ, ಅಥವಾ ರೆಗ್‌ಬ್ಯಾಕ್ ಬಳಸುವುದಾದರೆ ಡಿರ್ ರೆಗ್‌ಬ್ಯಾಕ್. ಗಾತ್ರವೂ ದಿನಾಂಕವೂ ನೋಡಿ. ಸೊನ್ನೆ ಇದ್ದರೆ ಅಲ್ಲಿಗೇ ನಿಲ್ಲಿ.

6. ಸರಿ ಇದ್ದರೆ ಬದಲಿಸಿ. ಕಾಪಿ /ವೈ ಇ:\ಹೈವ್\ಸಿಸ್ಟಮ್ ಸಿ:\ವಿಂಡೋಸ್\ಸಿಸ್ಟಮ್32\ಕಾನ್ಫಿಗ್\ಸಿಸ್ಟಮ್. ಮೊದಲು ಎರರ್‌ನಲ್ಲಿ ಹೆಸರು ಬಂದ ಒಂದೇ ಹೈವ್ ಬದಲಿಸಿ, ಎಕ್ಸಿಟ್ ಕೊಟ್ಟು ಬೂಟ್ ಮಾಡಿ ನೋಡಿ. ಸಾಲದಿದ್ದರೆ ಐದನ್ನೂ ಒಂದೇ ದಿನಾಂಕದ ಬ್ಯಾಕಪ್‌ನಿಂದ ಹಾಕಿ. ಸಿಸ್ಟಮ್ ಒಂದು ತಿಂಗಳದ್ದು, ಸಾಫ್ಟ್‌ವೇರ್ ಇನ್ನೊಂದು ತಿಂಗಳದ್ದು ಎಂದು ಬೆರೆಸಿದರೆ ಯಂತ್ರ ಎದ್ದರೂ ವಿಚಿತ್ರವಾಗಿ ಆಡುತ್ತದೆ.

ಹಳೆಯ ಸ್ಯಾಮ್ ಹಾಕಿದರೆ ಹಳೆಯ ಪಾಸ್‌ವರ್ಡೂ ವಾಪಸ್ ಬರುತ್ತದೆ. ಲೋಕಲ್ ಖಾತೆಯ ಪಾಸ್‌ವರ್ಡ್ ಇತ್ತೀಚೆಗೆ ಬದಲಿಸಿದ್ದರೆ ಹಿಂದಿನದನ್ನು ನೆನಪಿಸಿಕೊಳ್ಳಬೇಕು. ಕಚೇರಿಯ ಡೊಮೈನ್‌ಗೆ ಸೇರಿದ ಯಂತ್ರವಾದರೆ ಡೊಮೈನ್ ಜೊತೆಗಿನ ನಂಬಿಕೆಯೇ ಮುರಿದು, ಮತ್ತೆ ಸೇರಿಸಬೇಕಾಗಬಹುದು. ಅಂಥ ಯಂತ್ರಕ್ಕೆ ನೀವೇ ಕೈ ಹಾಕದೆ ಅಲ್ಲಿನ ಐಟಿಯವರನ್ನು ಕರೆಯುವುದು ಲೇಸು.

ಹೈವ್ ಚೆನ್ನಾಗಿದೆ, ಒಳಗಿನ ಒಂದು ಸಾಲು ಕೆಟ್ಟಿದೆ

ಇದು ಬೇರೆ ಬಗೆಯ ಕಷ್ಟ. ಫೈಲ್ ಗಟ್ಟಿಯಾಗಿದೆ, ಆದರೆ ನೀವೋ, ಯಾವುದೋ ಪ್ರೋಗ್ರಾಮೋ ತಪ್ಪು ವ್ಯಾಲ್ಯೂ ಬರೆದು ಬೂಟ್ ನಿಂತಿದೆ. ಇದಕ್ಕೆ ಇಡೀ ಹೈವ್ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ರಿಕವರಿಯ ಕಮಾಂಡ್ ಪ್ರಾಂಪ್ಟಿನಲ್ಲಿ ರೆಗ್‌ಎಡಿಟ್ ಕೊಟ್ಟರೆ ರಿಜಿಸ್ಟ್ರಿ ಎಡಿಟರ್ ತೆರೆಯುತ್ತದೆ. ಇಲ್ಲೇ ಹೆಚ್ಚಿನವರು ಎಡವುವುದು. ಎದುರಿಗೆ ಕಾಣುವ ಎಚ್‌ಕೀ ಲೋಕಲ್ ಮಷೀನ್ ನಿಮ್ಮ ವಿಂಡೋಸಿನದ್ದಲ್ಲ, ರಿಕವರಿಯದ್ದು. ಅದರಲ್ಲಿ ಎಷ್ಟು ತಿದ್ದಿದರೂ ರೀಸ್ಟಾರ್ಟ್ ಆದಾಗ ಎಲ್ಲ ಮಾಯ. ಎಚ್‌ಕೀ ಲೋಕಲ್ ಮಷೀನ್ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಫೈಲ್ ಮೆನುವಿನಲ್ಲಿ ಲೋಡ್ ಹೈವ್ ಒತ್ತಿ, ನಿಮ್ಮ ಕಾನ್ಫಿಗ್ ಫೋಲ್ಡರಿನ ಸಿಸ್ಟಮ್ ಫೈಲ್ ಆರಿಸಿ, ಒಂದು ಹೆಸರು ಕೊಡಿ. ಆ ಹೆಸರಿನ ಕೆಳಗೆ ಕಾಣುವುದೇ ನಿಮ್ಮದು.

ಇಲ್ಲಿ ಕರೆಂಟ್‌ಕಂಟ್ರೋಲ್‌ಸೆಟ್ ಇರುವುದಿಲ್ಲ. ಅದು ವಿಂಡೋಸ್ ಓಡುವಾಗ ಮಾತ್ರ ಹುಟ್ಟುವ ಹೆಸರು. ಬದಲಿಗೆ ಕಂಟ್ರೋಲ್‌ಸೆಟ್001 ಎಂಬಂಥವು ಇರುತ್ತವೆ. ಯಾವುದು ಬಳಕೆಯಲ್ಲಿದೆ ಎಂದು ಸೆಲೆಕ್ಟ್ ಎಂಬ ಕೀಯೊಳಗೆ ಕರೆಂಟ್ ಎಂಬ ವ್ಯಾಲ್ಯೂ ಹೇಳುತ್ತದೆ. 1 ಇದ್ದರೆ 001.

ಒಂದು ಉದಾಹರಣೆ. ಹೊಸ ಡ್ರೈವರ್ ಹಾಕಿದ ಮೇಲೆ ಬೂಟ್ ನಿಂತಿದೆ ಅಂದುಕೊಳ್ಳಿ. ಕಂಟ್ರೋಲ್‌ಸೆಟ್001ರ ಸರ್ವಿಸಸ್ ಒಳಗೆ ಆ ಡ್ರೈವರ್ ಹೆಸರಿನ ಕೀ ಹುಡುಕಿ. ಅದರಲ್ಲಿ ಸ್ಟಾರ್ಟ್ ಎಂಬ ವ್ಯಾಲ್ಯೂ ಇರುತ್ತದೆ. 0 ಅಂದರೆ ಬೂಟ್ ಹೊತ್ತಿಗೇ, 1 ಸ್ವಲ್ಪ ತಡವಾಗಿ, 2 ತಾನಾಗಿ, 3 ಬೇಕಾದಾಗ, 4 ಅಂದರೆ ಬೇಡವೇ ಬೇಡ. ಹಳೆಯ ಸಂಖ್ಯೆ ಬರೆದಿಟ್ಟುಕೊಂಡು 4 ಹಾಕಿ. ಡಿಸ್ಕ್ ಡ್ರೈವರಿಗೆ ಮಾತ್ರ ಹೀಗೆ ಮಾಡಬೇಡಿ, ಆಮೇಲೆ ಡಿಸ್ಕೇ ಕಾಣುವುದಿಲ್ಲ. ಮುಗಿದ ಮೇಲೆ ಲೋಡ್ ಮಾಡಿದ ಹೆಸರನ್ನು ಆರಿಸಿ ಅನ್‌ಲೋಡ್ ಹೈವ್ ಕೊಟ್ಟೇ ಹೊರಬನ್ನಿ.

ತಾತ್ಕಾಲಿಕ ಪ್ರೊಫೈಲ್ ಬಂದವರಿಗೆ

ಇನ್ನೊಂದು ಅಡ್ಮಿನ್ ಖಾತೆಯಿಂದ ಒಳಗೆ ಹೋಗಿ. ರಿಜಿಸ್ಟ್ರಿ ಎಡಿಟರಿನಲ್ಲಿ ಎಚ್‌ಕೀ ಲೋಕಲ್ ಮಷೀನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಕರೆಂಟ್‌ವರ್ಷನ್, ಪ್ರೊಫೈಲ್‌ಲಿಸ್ಟ್ ತನಕ ಇಳಿಯಿರಿ. ಆ ಕೀಯನ್ನು ಮೊದಲು ಎಕ್ಸ್‌ಪೋರ್ಟ್ ಮಾಡಿ. ಎಸ್-1-5-21 ಎಂದು ಶುರುವಾಗುವ ಉದ್ದ ಹೆಸರುಗಳಲ್ಲಿ ಒಂದೇ ಹೆಸರು ಎರಡು ಸಲ ಇದ್ದು, ಒಂದರ ತುದಿಗೆ ಡಾಟ್ ಬ್ಯಾಕ್ ಎಂಬ ಬಾಲ ಇದೆಯೇ? ಬಾಲ ಇರುವುದೇ ನಿಮ್ಮ ನಿಜವಾದ ಖಾತೆ. ಬಾಲ ಇಲ್ಲದ್ದಕ್ಕೆ ಬೇರೆ ಹೆಸರು ಕೊಟ್ಟು ಸರಿಸಿ, ಬಾಲ ಇರುವುದರ ಬಾಲ ಕತ್ತರಿಸಿ. ಅದರೊಳಗಿನ ಸ್ಟೇಟ್ ವ್ಯಾಲ್ಯೂ 0 ಮಾಡಿ, ರೆಫ್‌ಕೌಂಟ್ ಇದ್ದರೆ ಅದನ್ನೂ 0 ಮಾಡಿ. ರೀಸ್ಟಾರ್ಟ್.

ಹಾಗೂ ಆಗದಿದ್ದರೆ ಎನ್‌ಟಿ-ಯೂಸರ್ ಫೈಲೇ ಕೆಟ್ಟಿದೆ. ಅದಕ್ಕೆ ಹೆಣಗಾಡುವ ಬದಲು ಹೊಸ ಖಾತೆ ಮಾಡಿ, ಹಳೆಯ ಫೋಲ್ಡರಿನಿಂದ ಫೈಲುಗಳನ್ನು ಅಲ್ಲಿಗೆ ತನ್ನಿ. ಒಂದು ಸಂಜೆಯ ಕೆಲಸ.

ಕೈಲಿ ಯಾವ ಬ್ಯಾಕಪ್ಪೂ ಇಲ್ಲದಿದ್ದರೆ

ಎಸ್‌ಎಫ್‌ಸಿ ಸ್ಕ್ಯಾನ್‌ನೌ ಓಡಿಸಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಕೆಟ್ಟ ಸಿಸ್ಟಮ್ ಫೈಲುಗಳನ್ನು ಸರಿ ಮಾಡುತ್ತದೆ. ರಿಜಿಸ್ಟ್ರಿ ಹೈವ್ ಅದರ ಲೆಕ್ಕಕ್ಕೆ ಬರುವುದಿಲ್ಲ. ರಿಜಿಸ್ಟ್ರಿ ಕ್ಲೀನರುಗಳ ಕಡೆಗಂತೂ ತಿರುಗಿಯೂ ನೋಡಬೇಡಿ. ಅವುಗಳ ಬಳಕೆಗೆ ಮೈಕ್ರೋಸಾಫ್ಟಿನ ಬೆಂಬಲವೇ ಇಲ್ಲ. ಬೇಡದ ಕೆಲವು ನೂರು ಸಾಲು ಅಳಿಸುವುದರಿಂದ ಯಂತ್ರ ವೇಗವಾಗುವುದಿಲ್ಲ, ಬೇಕಾದ ಒಂದು ಸಾಲು ಹೋದರೆ ಮಾತ್ರ ನಿಂತುಹೋಗುತ್ತದೆ.

ಆಗ ಉಳಿಯುವುದು ಟ್ರಬಲ್‌ಶೂಟ್ ಮೆನುವಿನ ರೀಸೆಟ್ ದಿಸ್ ಪಿಸಿ. ಕೀಪ್ ಮೈ ಫೈಲ್ಸ್ ಆರಿಸಿದರೆ ನಿಮ್ಮ ಫೈಲುಗಳು ಉಳಿಯುತ್ತವೆ, ಹಾಕಿಕೊಂಡಿದ್ದ ಪ್ರೋಗ್ರಾಮುಗಳು ಹೋಗುತ್ತವೆ. ಉಳಿಯುತ್ತವೆ ಎಂದು ಬರೆದಿದ್ದರೂ ನಾನು ನೋಟ್‌ಪ್ಯಾಡ್ ಕಿಟಕಿಯಿಂದ ಮುಖ್ಯವಾದುದನ್ನೆಲ್ಲ ಹೊರಗೆ ಕಾಪಿ ಮಾಡಿದ ಮೇಲೆಯೇ ಆ ಬಟನ್ ಒತ್ತುವುದು. ಪರಿಚಯದವರ ಆ ಲ್ಯಾಪ್‌ಟಾಪ್ ಕೊನೆಗೆ ಎದ್ದಿದ್ದೂ ಹೀಗೆಯೇ. ಅವರ ಫೋಟೋಗಳು ಉಳಿದವು. ಪ್ರೋಗ್ರಾಮುಗಳನ್ನೆಲ್ಲ ಮತ್ತೆ ಹಾಕಿಕೊಡಲು ನನಗೆ ಒಂದಿಡೀ ದಿನ ಹಿಡಿಯಿತು. ಹಾಕಿ ಮುಗಿಸಿದ ಕೂಡಲೇ ಸಿಸ್ಟಮ್ ಪ್ರೊಟೆಕ್ಷನ್ ಆನ್ ಮಾಡಿ, ಐದು ಹೈವ್ ಪೆನ್‌ಡ್ರೈವಿಗೆ ಇಳಿಸಿ, ಗಾತ್ರ ನೋಡಿಯೇ ವಾಪಸ್ ಕೊಟ್ಟೆ.